ಹೆಸರು ಹೇಳಿದ ಮೇಲೂ ಉಳಿಯುವ ಚಿತ್ರ

ಕೂಸೇ, ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಮೊದಲ ಸಂಬಳದಲ್ಲಿ ಕ್ಯಾಮೆರಾ ಕೊಂಡೆ ಎಂದು ನಿನ್ನ ಆಯಿ ಗೊಣಗಿದರೂ ನನಗಂತೂ ಖುಷಿಯೇ ಆಯಿತು. ಬೆಂಗಳೂರಿನ ಬಾಲ್ಕನಿಯ ಕುಂಡದ ಮುಂದೆಯೂ, ಊರಿಗೆ ಬಂದಾಗ ತೋಟದ ಬದುವಿನ ಮೇಲೂ ಮಂಡಿಯೂರಿ ಕೂತು ತೆಗೆದಿದ್ದೀಯ ಎಂಬುದು ಚಿತ್ರ ನೋಡಿದರೇ ತಿಳಿಯುತ್ತದೆ. ಕೈ ನಡುಗಿಲ್ಲ, ಕಣ್ಣೂ ಚುರುಕಾಗಿದೆ. ಆದರೆ ಒಂದೊಂದು ಚಿತ್ರದ ಕೆಳಗೂ ‘ಇದೇನು, ಹೇಳಿ ನೋಡೋಣ?’ ಎಂದು ಬರೆದಿದ್ದೀಯಲ್ಲ, ಅದು ನನಗೆ ಹಿಡಿಸಲಿಲ್ಲ. ಮನೆಮಂದಿಯಲ್ಲಿ ಒಬ್ಬರು ನಕ್ಷೆ ಎಂದರು, ಇನ್ನೊಬ್ಬರು ಆನೆಯ ಚರ್ಮ ಎಂದರು. ಹಲಸಿನ ಎಲೆ ಎಂದು ನೀನು ಉತ್ತರ ಕೊಟ್ಟೆ. ‘ಓಹೋ’ ಎಂದರು, ಮುಗಿಯಿತು. ಆಮೇಲೆ ಆ ಎಲೆಯ ಕಡೆ ತಿರುಗಿ ನೋಡಿದವರು ಯಾರೂ ಇದ್ದಂತಿಲ್ಲ.

ಒಗಟು ಬಿಡಿಸಿದ ಮೇಲೆ ಒಗಟಿಗೇನು ಬೆಲೆ? ನಿನ್ನ ಚಿತ್ರಕ್ಕೆ ಆ ಗತಿ ಬರಬಾರದು. ಅದು ಇಂಥದ್ದು ಎಂದು ಮೊದಲೇ ಹೇಳಿಬಿಡು. ಹೇಳಿದ ಮೇಲೂ ನೋಡುವವರ ಕಣ್ಣು ಅಲ್ಲೇ ನಿಂತರೆ ಚಿತ್ರ ಗೆದ್ದಿತು. ಹೆಸರು ತಿಳಿದ ಕೂಡಲೇ ಸಪ್ಪೆಯಾದರೆ ನೀನು ತೆಗೆದದ್ದು ಬರೀ ಚಮತ್ಕಾರ. ಇವತ್ತು ನಾನು ಹೇಳಹೊರಟಿರುವುದು ಇದೊಂದೇ ಮಾತು. ಉಳಿದದ್ದೆಲ್ಲ ಇದರ ಸುತ್ತ ಬರುವ ಸಣ್ಣಪುಟ್ಟ ಸಂಗತಿ.

ಈ ಮಾತಿಗೆ ನನಗೆ ಬಲವಾದ ಸಾಕ್ಷಿ ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್. 1865ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ಅಲಂಕಾರದ ಕೆಲಸ ಕಲಿತ. ಆಮೇಲೆ ಬರ್ಲಿನ್ನಿನ ಕರಕುಶಲ ಕಲೆಗಳ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೀರಿ ಮೇಷ್ಟರಾಗಿದ್ದ. ಜೀವಂತ ಗಿಡಗಳನ್ನು ನೋಡಿ ಅವುಗಳ ರೂಪ ಮೂಡಿಸುವುದನ್ನು ಹುಡುಗರಿಗೆ ಕಲಿಸುವುದು ಅವನ ಕೆಲಸ. ತರಗತಿಗೆ ತಂದ ಗಿಡ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಮೊಗ್ಗಿನ ತುದಿ, ಕಾಂಡದ ಗೆಣ್ಣು ಹಿಂದಿನ ಸಾಲಿನವರಿಗೆ ಕಾಣುವುದೇ ಇಲ್ಲ. ಅದಕ್ಕೆಂದೇ ಅವನು ಫೋಟೋ ತೆಗೆಯುತ್ತಿದ್ದದ್ದು. ತಾನೇ ಕಟ್ಟಿಕೊಂಡ ಕ್ಯಾಮೆರಾ, ಗಾಜಿನ ಪ್ಲೇಟು, ಕಿಟಕಿಯ ಬೆಳಕು, ಹಿಂದೆ ಬಿಳಿಯದೋ ಬೂದಿ ಬಣ್ಣದ್ದೋ ಒಂದು ಸಾದಾ ಹಲಗೆ, ಇಷ್ಟೇ ಸರಂಜಾಮು. ಕೆಲವನ್ನು ಮೂವತ್ತು ಪಟ್ಟಿನವರೆಗೂ ಹಿಗ್ಗಿಸಿದ. ರಸ್ತೆ ಬದಿಯ ಕಳೆಗಿಡ, ಸುರುಳಿ ಬಿಚ್ಚುವ ಜರಿಗಿಡ, ಕುಂಬಳದ ಕುಡಿಬಳ್ಳಿಯಂಥ ತಂತು, ಇವೇ ಅವನ ವಸ್ತುಗಳು. ತನ್ನನ್ನು ಕಲಾವಿದ ಎಂದು ಅವನು ಎಲ್ಲೂ ಕೊಚ್ಚಿಕೊಳ್ಳಲಿಲ್ಲ, ಆ ಚಿತ್ರಗಳು ಅವನ ಪಾಲಿಗೆ ಪಾಠದ ಸಾಮಗ್ರಿ.

1928ರಲ್ಲಿ, ಅವನಿಗೆ ಅರವತ್ತು ದಾಟಿದ ಮೇಲೆ, 120 ಚಿತ್ರಗಳ ಒಂದು ಪುಸ್ತಕ ಬಂತು. ‘ಕಲೆಯ ಮೂಲರೂಪಗಳು’ ಎಂಬ ಅರ್ಥದ ಜರ್ಮನ್ ಹೆಸರು ಅದಕ್ಕೆ. ರಾತ್ರೋರಾತ್ರಿ ಹೆಸರಾಯಿತು. ವಾಲ್ಟರ್ ಬೆಂಜಮಿನ್‌ನಂಥ ದೊಡ್ಡ ವಿಮರ್ಶಕ ಅದೇ ವರ್ಷ ಅದರ ಬಗ್ಗೆ ಬರೆದ. ಆ ಪುಸ್ತಕದಲ್ಲಿ ಚಿತ್ರಕ್ಕೆ ಜೊತೆಯಾಗಿ ಏನಿದೆ ಗೊತ್ತೇ? ಗಿಡದ ಸಸ್ಯಶಾಸ್ತ್ರೀಯ ಹೆಸರು, ಎಷ್ಟು ಪಟ್ಟು ಹಿಗ್ಗಿಸಿದೆ ಎಂಬ ಅಂಕಿ. ಅಷ್ಟೇ. ಒಗಟಿಲ್ಲ, ಕವಿತೆಯಿಲ್ಲ. ಇದು ಇಂಥ ಜರಿಗಿಡ, ಇಷ್ಟು ಪಟ್ಟು ಎಂದು ಹೇಳಿಟ್ಟ ಮೇಲೂ ನೂರು ವರ್ಷದಿಂದ ಜನ ಅದನ್ನು ನೋಡುತ್ತಲೇ ಇದ್ದಾರೆ. ನಾನು ಹೇಳುತ್ತಿರುವುದು ಈ ಗೆಲುವನ್ನು.

ಗಿಡಬಳ್ಳಿಗಳನ್ನು ಹೀಗೆ ಹತ್ತಿರದಿಂದ ನೋಡುವುದು ಯುರೋಪಿನವರಿಗೆ ಮಾತ್ರ ಹೊಳೆದ ಸಂಗತಿಯೂ ಅಲ್ಲ ಅನ್ನು. ಹಳೇಬೀಡಿಗೆ ಶಾಲೆಯ ಪ್ರವಾಸದಲ್ಲಿ ಹೋಗಿದ್ದೀಯಲ್ಲ, ಗೋಡೆಯ ಕೆಳಪಟ್ಟಿಗಳಲ್ಲಿ ಆನೆ, ಸಿಂಹ, ಕುದುರೆಗಳ ಸಾಲಿನ ಜೊತೆಗೆ ಒಂದು ಬಳ್ಳಿಯ ಸಾಲೂ ಓಡುತ್ತದೆ. ಬಳಪದ ಕಲ್ಲಿನಲ್ಲಿ ಅದನ್ನು ಕಡೆದವನು ಯಾವುದೋ ನಿಜವಾದ ಬಳ್ಳಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದ್ದಾನೆ ಎಂದೇ ನನ್ನ ನಂಬಿಕೆ. ಮುಂದಿನ ಸಲ ಹೋದಾಗ ಎಲ್ಲರೂ ಮೂರ್ತಿಗಳ ಮುಂದೆ ಸೆಲ್ಫಿ ತೆಗೆಯುತ್ತಿರಲಿ, ನೀನು ಆ ಪಟ್ಟಿಯ ಮುಂದೆ ಕಾಲು ಗಂಟೆ ನಿಲ್ಲು.

ಎಡ್ವರ್ಡ್ ವೆಸ್ಟನ್‌ನ ಕಥೆ ನಿನಗೆ ಗೊತ್ತಿರಬೇಕು, ಫೋಟೋಗ್ರಫಿ ಕಲಿಸುವವರೆಲ್ಲ ಹೇಳುತ್ತಾರೆ. 1930ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ದೀರ್ಘ ಎಕ್ಸ್‌ಪೋಷರ್ ಕೊಟ್ಟು ತೆಗೆದ. ಚಿತ್ರದ ಹೆಸರು ‘ಪೆಪ್ಪರ್ ನಂಬರ್ 30’. ನೋಡಿದವರಿಗೆ ಮನುಷ್ಯನ ಬೆನ್ನು, ಭುಜ, ಏನೇನೋ ಕಾಣುತ್ತದೆ. ಅವನು ಮಾತ್ರ ಮೆಣಸಿನಕಾಯಿಯನ್ನು ಮೆಣಸಿನಕಾಯಿ ಎಂದೇ ಕರೆದು ಅದಕ್ಕೊಂದು ನಂಬರು ಹಾಕಿದ. ಶೀರ್ಷಿಕೆ ಎಂದರೆ ಹಾಗಿರಬೇಕು. ‘ಮೌನದ ಅಲೆಗಳು’, ‘ಅನಂತದ ಹಾದಿ’ ಎಂದೆಲ್ಲ ನೀನು ಇಟ್ಟಿರುವ ಹೆಸರುಗಳನ್ನು ದಯವಿಟ್ಟು ಅಳಿಸಿಹಾಕು, ಮಾರಾಯ್ತಿ.

ಈಗ ನಮ್ಮ ಮನೆಗೆ ಬರೋಣ. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೆಯಲ್ಲ? ಅಡಿಕೆಯಿಂದ ಶುರು ಮಾಡು. ನಗಬೇಡ. ಅಂಗಳದಲ್ಲಿ ಹರಡಿದ್ದನ್ನು ಹುಟ್ಟಿದಾಗಿನಿಂದ ತುಳಿದುಕೊಂಡೇ ಓಡಾಡಿದ್ದೀಯ, ಆದ್ದರಿಂದಲೇ ಅದನ್ನು ನೋಡಿಲ್ಲ. ಒಣಗಿಸಿ ಸುಲಿದ ಒಂದು ಚಾಲಿ ಅಡಿಕೆಯನ್ನು ಅಡ್ಡಕ್ಕೆ ಹೋಳು ಮಾಡು. ಬಿಳಿಯ ತಿರುಳಿನೊಳಗೆ ಅಂಚಿನಿಂದ ನಡುವಿನ ಕಡೆಗೆ ಕಂದು ಗೆರೆಗಳು ನುಗ್ಗಿರುತ್ತವೆ. ಬೀಜದ ಹೊರಸಿಪ್ಪೆಯೇ ಮಡಿಕೆ ಮಡಿಕೆಯಾಗಿ ತಿರುಳಿನೊಳಗೆ ಬೆಳೆದದ್ದು ಅದು. ಬಾಯಿಗೆ ಹಾಕಿದಾಗ ನಾಲಿಗೆ ಹಿಡಿಯುವ ಒಗರು ಹೆಚ್ಚಾಗಿ ಇರುವುದೂ ಆ ಕಂದು ಭಾಗದಲ್ಲೇ. ಅದೇ ಅಡಿಕೆಯನ್ನು ಉದ್ದಕ್ಕೆ ಸೀಳಿದರೆ ಗೆರೆಗಳ ಓಟವೇ ಬೇರೆ. ಒಂದು ಅಡಿಕೆಯ ಗೆರೆ ಇನ್ನೊಂದಕ್ಕೆ ಹೊಂದುವುದಿಲ್ಲ. ಒಂದೇ ಗೊನೆಯ ಕಾಯಿಗಳನ್ನು ತೆಗೆದುಕೊಂಡರೂ ಅಷ್ಟೇ.

ಜಾಯಿಕಾಯಿಯನ್ನು ಕತ್ತರಿಸಿ ನೋಡು, ಇದೇ ಕಟ್ಟು. ಸೀತಾಫಲದ ಬೀಜದೊಳಗೂ ಇದೇ. ಕಾಡಿನ ರಾಮಪತ್ರೆಯದೂ ಹಾಗೆಯೇ. ಅಡಿಕೆ ತಾಳೆಯ ಬಳಗದ್ದು, ಉಳಿದವುಗಳಿಗೂ ಅದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಆದರೂ ಒಂದೇ ಬಗೆಯ ಒಳವಿನ್ಯಾಸಕ್ಕೆ ಬಂದು ತಲುಪಿವೆ. ಇವಿಷ್ಟನ್ನು ಪಕ್ಕಪಕ್ಕದಲ್ಲಿ ಒಂದೇ ಅಳತೆಗೆ, ಒಂದೇ ಬೆಳಕಿನಲ್ಲಿ ತೆಗೆದು ಇಟ್ಟೆ ಎಂದುಕೋ. ನೋಡುವವನಿಗೆ ಚೆಂದವೂ ಸಿಕ್ಕಿತು, ಒಂದು ವಿಚಾರವೂ ಸಿಕ್ಕಿತು. ಸಸ್ಯಶಾಸ್ತ್ರದ ಮೇಷ್ಟರಾಗಿದ್ದವನ ಆಸೆ ಎಂದುಕೊಂಡರೂ ಸರಿಯೇ.

ತೆಗೆಯುವ ಕ್ರಮ ಹೇಳುತ್ತೇನೆ. ಕೆಂಪಡಿಕೆ ಬೇಡ. ಅದು ಚೊಗರಿನಲ್ಲಿ ಬೆಂದು ತಿರುಳಿಗೂ ಗೆರೆಗೂ ಬಣ್ಣದ ಅಂತರ ಕಡಿಮೆಯಾಗಿರುತ್ತದೆ. ಚಾಲಿಯಲ್ಲಿ ಬಿಳಿ ಬಿಳಿಯಾಗಿ, ಕಂದು ಕಂದಾಗಿ ಉಳಿದಿರುತ್ತದೆ. ಅಡಕತ್ತರಿಯಲ್ಲಿ ಕತ್ತರಿಸಿದರೆ ಹೋಳಿನ ಮೈ ಒರಟಾಗುತ್ತದೆ, ಬಿರುಕೂ ಬಿಡಬಹುದು. ಆದ್ದರಿಂದ ಕತ್ತರಿಸಿದ ಮೇಲೆ ಬಡಗಿಗಳು ಬಳಸುವ ಉಪ್ಪುಕಾಗದವನ್ನು ತಂದು, ಮೊದಲು ಒರಟು, ಆಮೇಲೆ ನಯ, ಹೀಗೆ ಹಂತ ಹಂತವಾಗಿ ಉಜ್ಜು. ಪುಡಿಯನ್ನು ಮೆತ್ತನೆಯ ಬ್ರಷ್ಷಿನಲ್ಲಿ ತೆಗೆ. ಬೆರಳಿನ ತುದಿಗೆ ಹತ್ತಿದಷ್ಟೇ ಕೊಬ್ಬರಿ ಎಣ್ಣೆ ಸವರಿ ಒರೆಸಿಬಿಟ್ಟರೆ ಗೆರೆಗಳು ಎದ್ದು ಕಾಣುತ್ತವೆ. ಎಣ್ಣೆ ಹೆಚ್ಚಾದರೆ ಮಿರುಗಿ ಎಲ್ಲ ಕೆಡುತ್ತದೆ.

ಲೆನ್ಸಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡ. ವಸ್ತು ಎಷ್ಟು ದೊಡ್ಡದಿದೆಯೋ ಸೆನ್ಸರಿನ ಮೇಲೆ ಅಷ್ಟೇ ದೊಡ್ಡದಾಗಿ ಬಿದ್ದರೆ ಅದನ್ನು ಒಂದಕ್ಕೊಂದು ಎನ್ನುತ್ತಾರೆ, ನಿಜವಾದ ಮ್ಯಾಕ್ರೊ ಶುರುವಾಗುವುದು ಅಲ್ಲಿಂದ. ನಿನ್ನದರಂಥ ಕ್ಯಾಮೆರಾದಲ್ಲಿ ಆಗ ಸುಮಾರು 24 ಮಿ.ಮೀ. ಅಗಲ, 16 ಮಿ.ಮೀ. ಎತ್ತರದ ಜಾಗ ಚೌಕಟ್ಟನ್ನು ತುಂಬುತ್ತದೆ. ಅಡಿಕೆಯ ಹೋಳಿನ ಬಹುಭಾಗ ಅಷ್ಟರಲ್ಲಿ ಹಿಡಿಯುತ್ತದೆ. ದುಬಾರಿ ಮ್ಯಾಕ್ರೊ ಲೆನ್ಸ್ ಸದ್ಯಕ್ಕೆ ಬೇಡ. ನಿನ್ನ ಹತ್ತಿರ ಇರುವ 50 ಮಿ.ಮೀ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಒಟ್ಟು 50 ಮಿ.ಮೀ. ಉದ್ದದ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿದರೆ ಒಂದಕ್ಕೊಂದು ಸಿಕ್ಕೇಬಿಡುತ್ತದೆ. ಟ್ಯೂಬಿನೊಳಗೆ ಗಾಜೇ ಇಲ್ಲ, ಬರೀ ಪೊಳ್ಳು ಉಂಗುರ. ಇನ್ನೂ ಅಗ್ಗದಲ್ಲಿ ಆಗಬೇಕೆಂದರೆ ಲೆನ್ಸನ್ನು ಹಿಂದುಮುಂದಾಗಿ ಕೂರಿಸುವ ರಿವರ್ಸ್ ರಿಂಗ್ ಸಿಗುತ್ತದೆ, ಕೆಲವು ನೂರು ರೂಪಾಯಿ. ಅದಕ್ಕೆ ಅಪರ್ಚರನ್ನು ಕೈಯಲ್ಲೇ ತಿರುಗಿಸುವ ಹಳೆಯ ಕಾಲದ ಲೆನ್ಸೇ ಒಳ್ಳೆಯದು, ಈಗಿನವುಗಳಲ್ಲಿ ಅಪರ್ಚರ್ ಕ್ಯಾಮೆರಾದ ಹಿಡಿತ ತಪ್ಪಿಹೋಗುತ್ತದೆ. ಸರಸರ ಓಡಾಡುವ ಇರುವೆ, ಹಾರುವ ದುಂಬಿಯ ಹಿಂದೆ ಬಿದ್ದಾಗ ಮಾತ್ರ 100 ಮಿ.ಮೀ. ಮ್ಯಾಕ್ರೊ ಲೆನ್ಸ್ ಬೇಕೆನಿಸುತ್ತದೆ, ಸ್ವಲ್ಪ ದೂರದಲ್ಲಿ ನಿಲ್ಲಬಹುದಲ್ಲ, ಅದಕ್ಕೆ. ಅಡಿಕೆ ಎದ್ದು ಓಡುವುದಿಲ್ಲ.

ಕಷ್ಟ ಇರುವುದು ಫೋಕಸ್ಸಿನಲ್ಲಿ. ಒಂದಕ್ಕೊಂದರಲ್ಲಿ ಎಫ್ 8 ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿನ ಆಸುಪಾಸು ಅಷ್ಟೇ. ಹಾಗಾದರೆ ಎಫ್ 22ಕ್ಕೆ ಹೋಗೋಣ ಎನ್ನುತ್ತೀಯ. ಹೋಗಬಾರದು. ಇಷ್ಟು ಹತ್ತಿರ ಬಂದಾಗ ಲೆನ್ಸಿನ ಅಪರ್ಚರ್ ಬರೆದಿರುವುದಕ್ಕಿಂತ ಎರಡು ಪಟ್ಟು ಕಿರಿದಾದಂತೆ ವರ್ತಿಸುತ್ತದೆ, ಎಫ್ 8 ಎನ್ನುವುದು ಎಫ್ 16ರ ಲೆಕ್ಕ. ಅದಕ್ಕಿಂತ ಕಿರಿದು ಮಾಡಿದರೆ ಬೆಳಕು ಆ ಸಣ್ಣ ತೂತಿನ ಅಂಚಿನಲ್ಲಿ ಬಾಗಿ ಹರಡಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಆಳ ಗಳಿಸಲು ಹೋಗಿ ಚೂಪನ್ನು ಕಳೆದುಕೊಂಡಂತಾಯಿತು.

ಅಡಿಕೆಯ ಹೋಳನ್ನು ಮೊದಲ ಪಾಠ ಎಂದದ್ದು ಇದಕ್ಕೇ. ಅದು ಚಪ್ಪಟೆ. ಅದರ ಮೈಯೂ ಸೆನ್ಸರೂ ಒಂದಕ್ಕೊಂದು ಸಮಾನಾಂತರವಾಗಿ ನಿಂತರೆ ಒಂದು ಮಿಲಿಮೀಟರ್ ಧಾರಾಳವಾಯಿತು. ಸಮಾನಾಂತರ ಎಂದು ತಿಳಿಯುವುದು ಹೇಗೆ? ಹೋಳು ಇಡುವ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಇಡು. ಟ್ರೈಪಾಡಿನ ಮೇಲಿಂದ ಕೆಳಮುಖ ಮಾಡಿದ ಕ್ಯಾಮೆರಾದಲ್ಲಿ ನೋಡು. ನಿನ್ನ ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಾಣುವವರೆಗೆ ಕ್ಯಾಮೆರಾ ಬಾಗಿಸು. ನಡುವೆ ಬಂತೆಂದರೆ ಸರಿಯಾಯಿತು. ಕನ್ನಡಿ ತೆಗೆದು ಅದೇ ಮಟ್ಟದಲ್ಲಿ ಹೋಳು ಇಡು. ಆಮೇಲೆ ಶಟರ್ ಒತ್ತುವಾಗ ಕೈ ತಗುಲಿಸಬೇಡ, ಎರಡು ಸೆಕೆಂಡಿನ ಟೈಮರ್ ಇಟ್ಟುಕೋ. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿದ್ದರೂ ಮೇಜು ನಡುಗುತ್ತದೆ, ನೋಡಿಕೋ.

ಉಬ್ಬುತಗ್ಗಿನ ವಸ್ತುಗಳಿಗೆ ಸ್ಟ್ಯಾಕಿಂಗ್ ಎಂಬ ಉಪಾಯವಿದೆ. ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತ ಹತ್ತಾರು ಫೋಟೋ ತೆಗೆದು, ಒಂದೊಂದರ ಸ್ಪಷ್ಟ ಭಾಗವನ್ನು ಸಾಫ್ಟ್‌ವೇರಿನಲ್ಲಿ ಜೋಡಿಸುವುದು. ಕಲಿ, ತಪ್ಪಲ್ಲ. ಆದರೆ ಎಲ್ಲವನ್ನೂ ಮೂಲೆಯಿಂದ ಮೂಲೆಗೆ ಸ್ಪಷ್ಟ ಮಾಡಬೇಕೆಂಬ ಹಟ ಬೇಡ. ಅಡಿಕೆಗೆ ಪೂರ್ತಿ ಸ್ಪಷ್ಟತೆ ಬೇಕು. ಜರಿಗಿಡದ ಎಳೆಸುರುಳಿಗೆ ಮುಂದಿನ ಒಂದು ಅಂಚು ಚೂಪಾಗಿದ್ದು ಉಳಿದದ್ದು ಕರಗಿದರೆ ಚೆಂದ. ಯಾವುದಕ್ಕೆ ಯಾವುದು ಎಂದು ತೀರ್ಮಾನಿಸುವುದು ನಿನ್ನ ಕೆಲಸ, ಸಾಫ್ಟ್‌ವೇರಿನದಲ್ಲ.

ಬೆಳಕಿಗೆ ಮಲೆನಾಡಿನ ಮಳೆಗಾಲಕ್ಕಿಂತ ದೊಡ್ಡ ಸ್ಟುಡಿಯೊ ಬೇಕೆ? ಮೋಡ ಕವಿದ ಹಗಲಿನಲ್ಲಿ ನೆರಳು ಗಡುಸಾಗಿ ಬೀಳುವುದಿಲ್ಲ, ಬಣ್ಣ ತುಂಬಿಕೊಂಡಿರುತ್ತದೆ. ಜಗಲಿಯ ಕಟ್ಟೆಯೇ ಸಾಕು. ಮಿರುಗುವ ವಸ್ತುಗಳಿಗೆ ಮಾತ್ರ ಬೇರೆ ಲೆಕ್ಕ. ಗುಲಗಂಜಿ ತೆಗೆದುಕೋ. ಕೆಂಪು ಮೈ, ಕಪ್ಪು ಚುಕ್ಕೆ, ಸುಲಭ ಎನಿಸುತ್ತದೆ. ತೆಗೆದು ನೋಡಿದರೆ ಗುಲಗಂಜಿಯ ಮೇಲೆ ಕಿಟಕಿ, ಅದರೊಳಗೆ ನಿನ್ನ ತಲೆ ಕಾಣುತ್ತದೆ. ನುಣುಪಾದ ಬೀಜವನ್ನು ತೆಗೆಯುವುದೆಂದರೆ ಅದರ ಮೈಮೇಲಿನ ಪ್ರತಿಬಿಂಬವನ್ನು ತೆಗೆಯುವುದೇ. ಬೀಜದ ಸುತ್ತ ಟ್ರೇಸಿಂಗ್ ಪೇಪರಿನ ಸಣ್ಣ ಗೂಡು ಕಟ್ಟಿ, ಹೊರಗಿನಿಂದ ಟಾರ್ಚ್ ಹಿಡಿ. ಆಗ ಕಿಟಕಿ ಮಾಯವಾಗಿ ಕೆಂಪಿನ ಏರಿಳಿತ ಮಾತ್ರ ಉಳಿಯುತ್ತದೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ ಅದು. ಒಳಗೆ ಕಡುವಿಷವಿದೆ. ಕೆಲಸ ಮುಗಿದ ಮೇಲೆ ಡಬ್ಬಿಯಲ್ಲಿ ಹಾಕಿ, ಅಟ್ಟದ ಮೇಲೆ ಮಕ್ಕಳ ಕೈಗೆ ಸಿಗದಂತೆ ಇಡು.

ಇನ್ನೊಂದು ಮಾತು. ವಸ್ತುವಿನ ಅಂದ ಎಲ್ಲಿದೆ ಎಂದು ಹುಡುಕುವುದಕ್ಕಿಂತ ಮೊದಲು, ಆ ರೂಪದಿಂದ ಅದು ಏನು ಕೆಲಸ ಮಾಡುತ್ತಿದೆ ಎಂದು ತಿಳಿದುಕೋ. ನೀನು ಜರಿಗಿಡದ ಎಲೆಯ ಹಿಂಬದಿಯ ಕಂದು ಚುಕ್ಕೆಗಳನ್ನು ತೆಗೆದಿದ್ದೀಯ. ಸಾಲು ಚೆನ್ನಾಗಿದೆ. ಆದರೆ ಒಂದೊಂದು ಚುಕ್ಕೆಯೂ ಹಲವಾರು ಬೀಜಾಣು ಚೀಲಗಳ ಗುಂಪು ಎಂದು ಗೊತ್ತಿದ್ದರೆ ಇನ್ನೂ ಹತ್ತಿರ ಹೋಗುತ್ತಿದ್ದೆ. ಪ್ರತಿ ಚೀಲದ ಬೆನ್ನ ಮೇಲೆ ದಪ್ಪಗೋಡೆಯ ಕೋಶಗಳ ಒಂದು ಉಂಗುರವಿದೆ. ಗಾಳಿ ಒಣಗಿದಂತೆ ಆ ಕೋಶಗಳ ನೀರು ಆರುತ್ತದೆ, ಉಂಗುರ ಮೆಲ್ಲಗೆ ಹಿಂದಕ್ಕೆ ಬಾಗಿ ಚೀಲವನ್ನು ಸೀಳುತ್ತದೆ. ಎಳೆತ ಮಿತಿ ಮೀರಿದಾಗ ಕೋಶದೊಳಗಿನ ನೀರಿನಲ್ಲಿ ಗುಳ್ಳೆ ಎದ್ದು, ಉಂಗುರ ರಪ್ಪನೆ ಮುಂದಕ್ಕೆ ಬಂದು ಬೀಜಾಣುಗಳನ್ನು ಎಸೆದುಬಿಡುತ್ತದೆ. ಹಸಿ ಎಲೆಯ ತುಣುಕನ್ನು ದೀಪದ ಬಿಸಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಇದು ಕಣ್ಣೆದುರೇ ನಡೆಯುತ್ತದೆ. ಕಾಲೇಜಿನಲ್ಲಿ ಹುಡುಗರಿಗೆ ತೋರಿಸಿದಾಗ ಹಿಂದಿನ ಬೆಂಚಿನವರೂ ಎದ್ದು ಬರುತ್ತಿದ್ದರು. ಇದು ಗೊತ್ತಿರುವವಳು ಯಾವ ಗಳಿಗೆಗೆ ಕಾಯಬೇಕೆಂದು ಬಲ್ಲಳು. ಗೊತ್ತಿಲ್ಲದವಳಿಗೆ ಚುಕ್ಕೆಗಳ ಸಾಲೇ ಕೊನೆ.

ನೀನು ತೆಗೆದ ಕೆಸುವಿನ ಎಲೆಯದೂ ಇದೇ ಕಥೆ. ಅದರ ಮೇಲೆ ಹನಿ ನಿಂತಾಗ ಕೆಳಗೊಂದು ಬೆಳ್ಳಿ ಹೊಳಪು ಕಾಣುತ್ತದಲ್ಲ? ಎಲೆಯ ಮೈತುಂಬ ಕಣ್ಣಿಗೆ ಕಾಣದ ಉಬ್ಬುಗಳಿವೆ, ಅವುಗಳ ಮೇಲೆ ಮೇಣದ ಲೇಪವಿದೆ. ಹನಿ ಆ ಉಬ್ಬುಗಳ ತುದಿಯ ಮೇಲಷ್ಟೇ ಕೂರುತ್ತದೆ. ಕೆಳಗೆ ಸಿಕ್ಕಿಬಿದ್ದ ಗಾಳಿಯ ತೆಳುಪದರದಿಂದ ಬೆಳಕು ತಿರುಗಿ ಬರುವುದೇ ಆ ಬೆಳ್ಳಿ. ತಾವರೆ ಎಲೆಯೂ ಹೀಗೆಯೇ. ಜರ್ಮನಿಯ ಬಾನ್ ನಗರದ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಜೊತೆಗಾರ 1997ರಲ್ಲಿ ಇದನ್ನು ವಿವರವಾಗಿ ಬರೆದರು, ಆಮೇಲೆ ಮಳೆಗೆ ತಾನೇ ತೊಳೆದುಕೊಳ್ಳುವ ಗೋಡೆ ಬಣ್ಣವೂ ಬಂತು. ಈ ವಿಷಯ ತಿಳಿದಿದ್ದರೆ ನೀನು ಹನಿಯ ಮೇಲ್ಭಾಗಕ್ಕೆ ಫೋಕಸ್ ಮಾಡುತ್ತಿರಲಿಲ್ಲ. ಹನಿ ಎಲೆಯನ್ನು ಮುಟ್ಟುವ ಆ ಸಣ್ಣ ಅಂಚಿಗೆ ಮಾಡುತ್ತಿದ್ದೆ, ಸಂಗತಿ ಇರುವುದು ಅಲ್ಲಿ. ಹನಿಯೊಳಗೆ ದಾಸವಾಳ ತಲೆಕೆಳಗಾಗಿ ಕಾಣುವ ಚಿತ್ರ ಮಾತ್ರ ಬೇಡವೇ ಬೇಡ. ಅದನ್ನು ಊರವರೆಲ್ಲ ತೆಗೆದಾಗಿದೆ.

ಅಡಿಕೆ ಮರದ ಕಾಂಡದ ಮೇಲಿನ ಕಲ್ಲುಹೂವು ನೋಡು. ಬೂದುಬಿಳಿ ಹಾಳೆಯ ಮೇಲೆ ಕಪ್ಪು ಗೀಟುಗಳ ಜಾತಿ ಒಂದಿದೆ. ಆ ಗೀಟುಗಳು ಶಿಲೀಂಧ್ರವು ಬೀಜಾಣು ಹೊರಡಿಸುವ ಬಾಯಿಗಳು. ಅಡಿಗಿರುವ ಪಾಚಿ ಬಿಸಿಲಿನಲ್ಲಿ ಆ ಶಿಲೀಂಧ್ರಕ್ಕೆ ಅನ್ನ ಬೇಯಿಸಿ ಕೊಡುತ್ತದೆ. ಸಾಣಿಕಟ್ಟಾ ಉಪ್ಪಿನ ಒಂದು ದಪ್ಪ ಹರಳನ್ನೂ ಕಪ್ಪು ಬಟ್ಟೆಯ ಮೇಲೆ ಇಟ್ಟು ಪಕ್ಕದಿಂದ ಬೆಳಕು ಬಿಡು, ಚೌಕದೊಳಗೆ ಚೌಕ ಇಳಿದುಹೋಗುವ ಮೆಟ್ಟಿಲುಗಳು ಕಂಡರೂ ಕಾಣಬಹುದು.

ಈಗ ಸ್ವಲ್ಪ ಗಡುಸಾದ ಮಾತು. ಇಬ್ಬನಿ ಬೇಕೆಂದು ಗ್ಲಿಸರಿನ್ ಬೆರೆಸಿದ ನೀರು ಚಿಮುಕಿಸುವುದು, ಹುಳು ಅಲುಗಬಾರದೆಂದು ಫ್ರಿಜ್ಜಿನಲ್ಲಿ ಇಡುವುದು, ಅಂಟು ಹಚ್ಚಿ ಕೂರಿಸುವುದು, ಇಂಥದ್ದನ್ನೆಲ್ಲ ಜನ ಮಾಡುತ್ತಾರೆ, ಬಹುಮಾನವೂ ಹೊಡೆಯುತ್ತಾರೆ. ನಮ್ಮ ಮನೆಯ ಹುಡುಗಿ ಮಾಡಕೂಡದು. ಚಿಟ್ಟೆಯ ರೆಕ್ಕೆಯ ಹುರುಪೆಗಳು ಬೇಕಾದರೆ ಜಗಲಿಯ ದೀಪದ ಕೆಳಗೆ ಬೆಳಿಗ್ಗೆ ಸತ್ತು ಬಿದ್ದ ಪತಂಗಗಳು ಬೇಕಾದಷ್ಟಿವೆ. ಅಭಯಾರಣ್ಯಕ್ಕೆ ಹೋದರೆ ಒಂದು ಎಲೆಯನ್ನೂ ಕಿತ್ತು ತರಬೇಡ, ಕಾನೂನಿಗೂ ಅದು ತಪ್ಪು. ತೋಟದಲ್ಲಿ ಕಲ್ಲು ಮಗುಚಿ ನೋಡಿದ ಮೇಲೆ ಮೊದಲಿದ್ದಂತೆ ಇಟ್ಟು ಬಾ, ಕೆಳಗೆ ಸಂಸಾರ ಮಾಡಿಕೊಂಡವರಿರುತ್ತಾರೆ.

ಹಾಗೆಂದು ಚಿತ್ರವನ್ನು ಒಂದಿಷ್ಟೂ ಮುಟ್ಟಬಾರದೆಂದಲ್ಲ. ಬ್ಲಾಸ್‌ಫೆಲ್ಟ್ ತನ್ನ ಗಿಡಗಳ ಬೇಡದ ಎಲೆಗಳನ್ನು ಸವರಿ, ನೆಟ್ಟಗೆ ನಿಲ್ಲಿಸಿಯೇ ತೆಗೆಯುತ್ತಿದ್ದ. ಅವನು ಹುಟ್ಟಿದ ವರ್ಷವೇ ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಹಳ್ಳಿಯಲ್ಲಿ ವಿಲ್ಸನ್ ಬೆಂಟ್ಲಿ ಹುಟ್ಟಿದ, ರೈತರ ಮನೆಯ ಹುಡುಗ. ಅವನ ತಾಯಿ ಕೊಟ್ಟ ಸೂಕ್ಷ್ಮದರ್ಶಕದಿಂದ ಹುಚ್ಚು ಹಿಡಿದು, 1885ರ ಜನವರಿ 15ರಂದು ಒಂಟಿ ಹಿಮದ ಹರಳಿನ ಚಿತ್ರ ತೆಗೆದ. ಬೆಂಕಿ ಹಾಕದ ಕೊಟ್ಟಿಗೆಯಲ್ಲಿ, ಉಸಿರು ತಾಗಿದರೆ ಕರಗಿಹೋಗುವ ವಸ್ತುವಿನ ಮುಂದೆ ಜೀವಮಾನವಿಡೀ ನಿಂತ. ಐದು ಸಾವಿರಕ್ಕೂ ಮೀರಿ ಚಿತ್ರ ತೆಗೆದ. ಹರಳು ಎದ್ದು ಕಾಣಲೆಂದು ನೆಗೆಟಿವ್‌ನಲ್ಲಿ ಅದರ ಸುತ್ತಲಿನ ಭಾಗವನ್ನು ಚೂರಿಯಿಂದ ಕೆರೆದು ತೆಗೆಯುತ್ತಿದ್ದ, ಹಾಗಾಗಿಯೇ ಅವನ ಹಿನ್ನೆಲೆ ಅಷ್ಟು ಕಪ್ಪು. ಇದಕ್ಕೆ ಆಕ್ಷೇಪಣೆಯೂ ಬಂತು. ನನ್ನನ್ನು ಕೇಳಿದರೆ, ಸುತ್ತಲಿನದನ್ನು ತೆಗೆದು ವಸ್ತುವನ್ನು ತೋರಿಸುವುದು ಸರಿ, ವಸ್ತುವಿನಲ್ಲಿ ಇಲ್ಲದ್ದನ್ನು ಸೇರಿಸುವುದು ತಪ್ಪು. ಇಷ್ಟು ಗೆರೆ ಎಳೆದುಕೊಂಡರೆ ಸಾಕು. ಅವನ ಪುಸ್ತಕ 1931ರಲ್ಲಿ ಬಂತು, ಅದೇ ಡಿಸೆಂಬರಿನಲ್ಲಿ ನ್ಯುಮೋನಿಯದಿಂದ ತೀರಿಕೊಂಡ.

ಈಗಂತೂ ಕಂಪ್ಯೂಟರಿಗೆ ನಾಲ್ಕು ಸಾಲು ಬರೆದುಕೊಟ್ಟರೆ ಕಣ್ಣು ಕೋರೈಸುವ ಗೆರೆ, ಬಣ್ಣ, ಸುರುಳಿಗಳನ್ನು ಅದು ಎಷ್ಟು ಬೇಕಾದರೂ ಮಾಡಿಕೊಡುತ್ತದೆ. ಅದರ ಜೊತೆ ಸ್ಪರ್ಧೆಗೆ ನಿಂತರೆ ಸೋಲುತ್ತೀಯ. ನಿನ್ನ ಬಲ ಇರುವುದು ಇನ್ನೊಂದು ಕಡೆ. ಇದು ಸಾಗರ ಸೀಮೆಯ ಚಾಲಿ ಅಡಿಕೆ, ಇಂಥ ತೋಟದ್ದು, ಇಷ್ಟು ಪಟ್ಟು, ಇಂಥ ತಿಂಗಳು ಎಂದು ನೀನು ಬರೆಯಬಲ್ಲೆ. ಕಂಪ್ಯೂಟರಿನ ಸುರುಳಿಗೆ ಊರಿಲ್ಲ, ಗೊನೆಯಿಲ್ಲ. ಹೆಸರು ಹೇಳು ಎಂದು ಇಷ್ಟು ಪೀಡಿಸುತ್ತಿರುವುದಕ್ಕೆ ಇದೂ ಒಂದು ಕಾರಣ. ಹೆಸರು ಕನ್ನಡದಲ್ಲೂ ಇರಲಿ. ನಿನಗೆ ತಿಳಿಯದಿದ್ದರೆ ತೋಟಕ್ಕೆ ಕೆಲಸಕ್ಕೆ ಬರುವವರನ್ನು ಕೇಳು, ಅವರಿಗೆ ಗೊತ್ತಿರುವಷ್ಟು ಹೆಸರು ನನ್ನ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಇಲ್ಲ. ಮೂಡಿಗೆರೆಯಲ್ಲಿ ಕೂತು ಹಕ್ಕಿಗಳ ಬೆನ್ನು ಹತ್ತಿದ ತೇಜಸ್ವಿಯವರು ಬರೀ ಫೋಟೋ ತೆಗೆದು ಸುಮ್ಮನಾಗಲಿಲ್ಲ, ಹಕ್ಕಿಯ ಹೆಸರನ್ನೂ ನಡವಳಿಕೆಯನ್ನೂ ಕನ್ನಡದಲ್ಲಿ ಬರೆದಿಟ್ಟರು. ಸಣ್ಣ ವಸ್ತುಗಳಿಗೆ ಆ ಕೆಲಸ ಇನ್ನೂ ಬಹಳ ಬಾಕಿಯಿದೆ.

ಲೈಕುಗಳ ಲೆಕ್ಕ ಇಡಬೇಡ. ಬೆರಳಗಲದ ಪರದೆಯ ಮೇಲೆ ಎಲ್ಲ ಚಿತ್ರವೂ ಚೆಂದವೇ. ಪರೀಕ್ಷೆ ಮಾಡಬೇಕೆಂದರೆ ವರ್ಷಕ್ಕೆ ಒಂದನ್ನಾದರೂ ಎರಡಡಿ ಅಗಲಕ್ಕೆ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಊಟದ ಮನೆಯ ಗೋಡೆಗೆ ತೂಗುಹಾಕು. ದಿನಾ ಅದರ ಎದುರೇ ಕೂತು ಉಣ್ಣುವವರಿಗೆ ಅದು ಅಡಿಕೆಯೆಂದು ಮೊದಲ ದಿನವೇ ಗೊತ್ತಿರುತ್ತದೆ. ಒಂದು ಮಳೆಗಾಲ ಕಳೆದ ಮೇಲೂ ಅದನ್ನು ಇಳಿಸೋಣ ಎಂದು ಯಾರಿಗೂ ಅನ್ನಿಸದಿದ್ದರೆ ಒಳ್ಳೆಯ ಚಿತ್ರ ತೆಗೆದಿದ್ದೀಯ ಎಂದು ತಿಳಿ. ನಿನ್ನ ಆಯಿಯ ತೀರ್ಪು ಇದರಲ್ಲಿ ಕೊನೆಯದು, ಅವಳು ಮುಲಾಜು ನೋಡುವವಳಲ್ಲ.

ಫೆಬ್ರುವರಿ ಹೊತ್ತಿಗೆ ಚಾಲಿ ಒಣಗಿ ಸುಲಿಯುವುದಕ್ಕೆ ಬಂದಿರುತ್ತದೆ. ಆಗ ಎರಡು ದಿನ ರಜೆ ಹಾಕಿ ಬಾ. ಟ್ರೈಪಾಡು, ಟ್ಯೂಬು, ಸಣ್ಣದೊಂದು ಕನ್ನಡಿ ನಿನ್ನ ಕಡೆಯಿಂದ ಬರಲಿ. ಅಡಿಕೆ ಆರಿಸಿ, ಕತ್ತರಿಸಿ, ಉಜ್ಜಿ ಇಡುವ ಕೆಲಸ ನನಗಿರಲಿ.